ಕಲ್ಲಿನ ಮೇಲೆ ಬೆಳೆದ ಲೋಳೆ

ಕೆಲಸದ ಆರ್ಡರ್ ಕೈಗೆ ಬಂದ ದಿನ ಅಮ್ಮ ಶಾವಿಗೆ ಪಾಯಸಕ್ಕೆ ಇಟ್ಟಿದ್ದರು. ಅದು ಒಲೆಯ ಮೇಲಿರುವಾಗಲೇ ಅಪ್ಪ ಆ ಕಾಗದವನ್ನು ಇನ್ನೊಮ್ಮೆ ನಿಧಾನವಾಗಿ ಓದಿ, ಕನ್ನಡಕ ತೆಗೆದು, “ಇದು ಮೋರಿ ನೀರಿನ ಲ್ಯಾಬು ಐತಲ್ಲವ್ವ” ಎಂದರು.

ನಾವು ದಾವಣಗೆರೆ ಕಡೆಯವರು. ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿ, ರಾಜಾಜಿನಗರದಲ್ಲಿ ಮಹಡಿಯ ಮೇಲಿನ ಒಂದು ಭಾಗವನ್ನು ಬಾಡಿಗೆಗೆ ಹಿಡಿದು ನಾಲ್ಕು ವರ್ಷವಾಗಿತ್ತು. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಅರ್ಜಿ ಹಾಕುತ್ತಾ ಕೂತಿದ್ದೆ. ಎಪ್ಪತ್ತರ ದಶಕದ ನಡುಭಾಗ ಅದು. ಹೆಣ್ಣುಮಕ್ಕಳಿಗೆ ಸಿಕ್ಕರೆ ಟೀಚರ್ ಕೆಲಸ, ಇಲ್ಲದಿದ್ದರೆ ಟೈಪಿಂಗ್. ನನಗೆ ಸಿಕ್ಕಿದ್ದು ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಹೋಗುವ ದಾರಿಯಲ್ಲಿ, ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ವೃಷಭಾವತಿ ಹೊಳೆಗೆ ಬಿಡುತ್ತಿದ್ದ ಒಂದು ಚಿಕ್ಕ ಘಟಕದ ಲ್ಯಾಬಿನಲ್ಲಿ.

“ಇಡೀ ಊರಿನ ಹೊಲಸು ಹೋಗಿ ಬೀಳೋ ಜಾಗಕ್ಕೆ ನನ್ನ ಮಗಳು ಊಟದ ಡಬ್ಬಿ ಹಿಡ್ಕಂಡು ಹೋಗ್ಬೇಕಾ?” ಎಂದರು ಅಮ್ಮ.

“ಹೋಗಿ ನೋಡ್ಲಿ ಬಿಡು. ಆಗದಿದ್ರೆ ಬಿಟ್ರಾತು,” ಎಂದರು ಅಪ್ಪ.

ನಾನೂ ಹಾಗೇ ಅಂದುಕೊಂಡೆ. ಆರು ತಿಂಗಳು ನೋಡುವುದು, ಬೇರೆ ಏನಾದರೂ ಸಿಕ್ಕರೆ ಹೊರಡುವುದು. ಕೊನೆಗೆ ಅಲ್ಲಿ ಆರು ವರ್ಷ ಇದ್ದೆ. ಹಾಗೆ ಉಳಿದದ್ದಕ್ಕೆ ದೊಡ್ಡ ಕಾರಣ ಅಲ್ಲಿನ ಹಿರಿಯ ಆಪರೇಟರ್. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮೊದಲ ದಿನ ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಕೆಂಗೇರಿ ಬಸ್ಸು ಹಿಡಿದು ಇಳಿದೆ. ರಸ್ತೆಯಿಂದ ಇಳಿಜಾರಿನಲ್ಲಿ ಕಾಲು ಮೈಲಿ ನಡೆಯಬೇಕು. ಮೂಗಿಗೆ ಸೆರಗು ಒತ್ತಿಕೊಂಡೇ ಗೇಟು ದಾಟಿದೆ. ಖಾಕಿ ಚಡ್ಡಿ, ಹೆಗಲ ಮೇಲೊಂದು ಟವೆಲ್ಲು, ಐವತ್ತು ದಾಟಿದ ಒಣಕಲು ಮೈಯ ಒಬ್ಬರು ಗೇಟಿನ ಬಳಿ ನಿಂತಿದ್ದರು. ಅವರೇ ಯಜಮಾನ್ರು. ನನ್ನ ಸೆರಗನ್ನು ಒಮ್ಮೆ ನೋಡಿದರು.

“ಲ್ಯಾಬಿಗೆ ಬಂದಿರೋರಾ? ಮೊದ್ಲು ನೀರು ಎಲ್ಲಿಂದ ಬತ್ತದೆ, ಎಲ್ಲಿಗೆ ಓಯ್ತದೆ ಅಂತ ನೋಡ್ಕೊಂಡು ಬರಾನ ಬನ್ನಿ. ಆಮೇಕೆ ಬಾಟ್ಲು ಗೀಟ್ಲು ನೋಡೀರಂತೆ.”

ಹೀಗೆ ನನ್ನ ನಿಜವಾದ ಓದು ಅಂದು ಶುರುವಾಯಿತು. ರಾಜಾಜಿನಗರ, ವಿಜಯನಗರದ ಕಡೆಯಿಂದ ಕಣಿವೆಯುದ್ದಕ್ಕೂ ಇಳಿದು ಬಂದ ದೊಡ್ಡ ಕೊಳವೆ ಒಂದು ಕಾಲುವೆಗೆ ಬಾಯಿ ತೆರೆಯುತ್ತಿತ್ತು. ಅಲ್ಲಿ ಕಬ್ಬಿಣದ ಸರಳುಗಳ ಜಾಲರಿ. ಚಿಂದಿ ಬಟ್ಟೆ, ತೆಂಗಿನ ನಾರು, ಬಾಳೆಲೆ, ಒಮ್ಮೊಮ್ಮೆ ಮಕ್ಕಳ ಚಪ್ಪಲಿ ಅದಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಉದ್ದನೆಯ ಹಲ್ಲಿನ ಕುಂಟೆಯಿಂದ ಅವನ್ನು ಎಳೆದು ಹಾಕುತ್ತಿದ್ದರು. ಮುಂದಿನ ತೊಟ್ಟಿಯಲ್ಲಿ ಮರಳು ತಳಕ್ಕೆ ಕೂರುತ್ತಿತ್ತು. ಅದರಾಚೆಯ ದೊಡ್ಡ ದುಂಡು ತೊಟ್ಟಿಯಲ್ಲಿ ನೀರು ಒಂದೆರಡು ಗಂಟೆ ಸುಮ್ಮನೆ ನಿಂತಂತೆ ಹರಿದು, ಭಾರವಾದದ್ದೆಲ್ಲ ಕೆಳಗೆ ಇಳಿಯುತ್ತಿತ್ತು. ಅಲ್ಲಿಯವರೆಗೆ ನನಗೆ ಹೊಸದೇನೂ ಅನ್ನಿಸಲಿಲ್ಲ. ಮಜ್ಜಿಗೆ ತಿಳಿಯಾಗುವುದನ್ನು ಮನೆಯಲ್ಲೇ ನೋಡಿದ್ದೆ.

ಆಮೇಲೆ ಅವರು ನನ್ನನ್ನು ಕಲ್ಲಿನ ಹಾಸುಗಳ ಹತ್ತಿರ ಕರೆದುಕೊಂಡು ಹೋದರು. ಅವರ ಬಾಯಲ್ಲಿ ಅದು ‘ಬೆಡ್ಡು’. ಆಳೆತ್ತರಕ್ಕೂ ಮೀರಿದ ದುಂಡನೆಯ ಗೋಡೆ, ಅದರ ತುಂಬ ಮುಷ್ಟಿಗಾತ್ರದ ಜಲ್ಲಿಕಲ್ಲು. ಮೇಲೆ ನಾಲ್ಕು ಕಬ್ಬಿಣದ ತೋಳುಗಳು ನೀರಿನ ಒತ್ತಡಕ್ಕೆ ತಾವೇ ನಿಧಾನವಾಗಿ ಸುತ್ತುತ್ತಾ ನೀರನ್ನು ಚಿಮುಕಿಸುತ್ತಿದ್ದವು. ಅಂಥ ಬೆಡ್ಡುಗಳು ನಮ್ಮಲ್ಲಿ ಮೂರಿದ್ದವು. ಯಜಮಾನ್ರು ಏಣಿ ಹತ್ತಿ ಒಂದು ಕಲ್ಲನ್ನು ಎತ್ತಿ ತಂದು ನನ್ನ ಮುಂದೆ ಹಿಡಿದರು. ಕಲ್ಲಿನ ಮೇಲೆ ಕಂದು ಬಣ್ಣದ ಲೋಳೆ, ಜೇನಿನಷ್ಟು ಮಂದವಾಗಿ ಕಟ್ಟಿತ್ತು.

“ಮುಟ್ಟಿ ನೋಡ್ರವ್ವ.”

ನಾನು ಮುಟ್ಟಲಿಲ್ಲ.

“ಶುದ್ಧ ಮಾಡೋದು ನಾನಲ್ಲ, ನೀವಲ್ಲ, ಆ ಪಂಪೂ ಅಲ್ಲ. ಇದು. ಇದ್ರಾಗೆ ಜೀವ ಅದೆ. ಕಣ್ಣಿಗೆ ಕಾಣಾಕಿಲ್ಲ. ನಾವು ಬೇಡ ಅಂತ ಬಿಟ್ಟಿದ್ನ ಇವು ತಿಂತವೆ. ನೀರು ಮೇಲಿಂದ ಕೆಳಕ್ಕೆ ತೊಟ್ಟಿಕ್ಕೊಷ್ಟ್ರಲ್ಲಿ ಅವುಕ್ಕೆ ಊಟ ಆಯ್ತು, ನೀರಿಗೆ ಮಡಿ ಆಯ್ತು.”

ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ಎಂಬ ಪದವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅವು ದುಡಿಯುತ್ತವೆ, ಅವುಗಳಿಗೂ ಹೊಟ್ಟೆ ಇದೆ, ಗಾಳಿ ಬೇಕು, ಕಲ್ಲುಗಳ ನಡುವಿನ ಸಂದಿನಿಂದ ಬರುವ ಗಾಳಿಯಿಲ್ಲದಿದ್ದರೆ ಸಾಯುತ್ತವೆ ಎಂದು ಯಾರೂ ಹೇಳಿರಲಿಲ್ಲ. ಬೆಡ್ಡಿನ ತಳದಿಂದ ಹೊರಬಂದ ನೀರು ಇನ್ನೊಂದು ತೊಟ್ಟಿಯಲ್ಲಿ ಉದುರಿದ ಲೋಳೆಯನ್ನು ಕೆಳಗಿಳಿಸಿ, ಅಂಚಿನಿಂದ ತೆಳ್ಳಗೆ ಹೊರಳಿ ಕಾಲುವೆಗೆ ಬೀಳುತ್ತಿತ್ತು. ಅಲ್ಲಿ ಬಗ್ಗಿ ನೋಡಿದೆ. ಕಾಲುವೆಯ ತಳದ ಕಲ್ಲು ಕಾಣುತ್ತಿತ್ತು. ಮೂಗಿನಿಂದ ಸೆರಗು ಯಾವಾಗ ಜಾರಿತ್ತೋ ನನಗೇ ಗೊತ್ತಾಗಿರಲಿಲ್ಲ.

“ಇದನ್ನ ಕುಡೀಬೋದಾ?” ಎಂದು ಕೇಳಿದೆ.

“ಕುಡಿಯಾಕಲ್ಲ ಕಣವ್ವ. ಹೊಳೇಗೆ ಬಿಡಾಕೆ. ಹೊಳೆ ಸಾಯಬಾರ್ದು, ಅಷ್ಟೆ ನಮ್ ಕೆಲ್ಸ.”

ಆ ಬೆಡ್ಡುಗಳಿದ್ದ ಜಾಗ ಹಿಂದೆ ಅವರದೇ ರಾಗಿ ಹೊಲವಾಗಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ, ಅದೂ ಬೇರೆಯವರಿಂದ. ಘಟಕಕ್ಕೆ ಜಮೀನು ಹೋದಾಗ ಹಳ್ಳಿಯ ಕೆಲವರಿಗೆ ಇಲ್ಲೇ ಕೆಲಸ ಕೊಟ್ಟಿದ್ದರು. ಅದರ ಬಗ್ಗೆ ಕೇಳಿದರೆ ಅವರು, “ಆಗ್ಲೂ ಇಲ್ಲೇ ಎದ್ದು ಬತ್ತಿದ್ದೆ, ಈಗ್ಲೂ ಇಲ್ಲೇ ಬತ್ತೀನಿ” ಎಂದು ಮಾತು ಮುಗಿಸಿದರು.

ನನ್ನ ಕೆಲಸ ಬೆಳಿಗ್ಗೆ ಒಳಬರುವ ನೀರು, ಹೊರಹೋಗುವ ನೀರು ಎರಡನ್ನೂ ಬಾಟಲಿಗಳಲ್ಲಿ ಹಿಡಿದು ಪರೀಕ್ಷೆ ಮಾಡುವುದು. ಮುಖ್ಯವಾದ ಪರೀಕ್ಷೆಗೆ ಐದು ದಿನ ಬೇಕು. ನೀರಿನಲ್ಲಿ ಇವತ್ತು ಎಷ್ಟು ಆಮ್ಲಜನಕವಿದೆ ಎಂದು ಅಳೆದು, ಅದೇ ನೀರಿನ ಇನ್ನೊಂದು ಬಾಟಲಿಯನ್ನು ಬೆಳಕು ತಾಗದ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಐದನೆಯ ದಿನ ಮತ್ತೆ ಅಳೆಯಬೇಕು. ಕೊಳೆ ಹೆಚ್ಚಿದ್ದಷ್ಟೂ ಅದನ್ನು ತಿನ್ನುವ ಜೀವಿಗಳು ಆಮ್ಲಜನಕವನ್ನು ಹೆಚ್ಚು ಬಳಸಿರುತ್ತವೆ. ಕಡಿಮೆ ಬಳಸಿದ್ದರೆ ನೀರು ಹೊಳೆಗೆ ಬಿಡಲು ಯೋಗ್ಯ. ಕರೆಂಟು ಹೋದರೆ ಪೆಟ್ಟಿಗೆ ಬಿಸಿಯಾಗಿ ಐದು ದಿನದ ಕೆಲಸ ಹಾಳು. ಆಗ ಕರೆಂಟು ಹೋಗುವುದೇನು ಅಪರೂಪವಾಗಿರಲಿಲ್ಲ.

ಯಜಮಾನ್ರು ದಿನವೂ ಹೊರಹರಿವಿನ ಅಂಚಿನಲ್ಲಿ ಕೂತು ಎರಡು ನಿಮಿಷ ನೀರನ್ನೇ ನೋಡುತ್ತಿದ್ದರು. ಅಂಗೈಯಲ್ಲಿ ಹಿಡಿದು ಮೂಸಿ, ಬೆರಳುಗಳ ನಡುವೆ ಉಜ್ಜಿ, ಎದ್ದು ಬಂದು ಲ್ಯಾಬಿನ ಕಿಟಕಿಯಲ್ಲಿ ತಲೆ ಹಾಕುತ್ತಿದ್ದರು. “ಇವತ್ತು ವಸಿ ಸುಸ್ತಾಗದೆ.” ಇಲ್ಲವೇ, “ಇವತ್ತು ಚೆಂದಾಗದೆ.” ನಾನು ನಕ್ಕು, ಐದು ದಿನ ತಾಳಿ, ಹೇಳ್ತೀನಿ ಎನ್ನುತ್ತಿದ್ದೆ. ಒಂದು ತಿಂಗಳು ಅವರ ಮಾತನ್ನೂ ನೋಟ್‌ಬುಕ್ಕಿನ ಅಂಚಿನಲ್ಲಿ ಗುಟ್ಟಾಗಿ ಬರೆದಿಟ್ಟುಕೊಂಡೆ. ತಿಂಗಳ ಕೊನೆಗೆ ನನ್ನ ಲೆಕ್ಕದ ಪಕ್ಕ ಇಟ್ಟು ನೋಡಿದಾಗ ಅವರು ತಪ್ಪಿದ್ದು ಒಂದೇ ದಿನ. ಆ ದಿನ ನನ್ನ ಪೆಟ್ಟಿಗೆಗೆ ಕರೆಂಟು ಇರಲಿಲ್ಲ. ಅವತ್ತಿನಿಂದ ನಾನು ನಗುವುದನ್ನು ಬಿಟ್ಟೆ. ಕಿಟಕಿಯ ಹೊರಗೆ ಅವರು ಬರುವುದನ್ನು ಕಾಯತೊಡಗಿದೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಆ ಅನಾಹುತವಾಯಿತು.

ಒಂದು ಸೋಮವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ಬೆಡ್ಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕರೆದರೂ ತಿರುಗಲಿಲ್ಲ. ಏಣಿ ಹತ್ತಿ ನೋಡಿದೆ. ಕಲ್ಲುಗಳ ಮೇಲಿನ ಲೋಳೆ ಸಿಪ್ಪೆಯಂತೆ ಸುಲಿದು ಸುಲಿದು ಬರುತ್ತಿತ್ತು. ಅದರ ಅಡಿಯಲ್ಲಿ ಬರಿಯ ಕಲ್ಲು. ಯಾವಾಗಲೂ ಮುಖಕ್ಕೆ ಮುತ್ತುತ್ತಿದ್ದ ಸಣ್ಣ ನೊಣಗಳು ಒಂದೂ ಇರಲಿಲ್ಲ. ಕೆಳಗಿನ ಕಾಲುವೆಯಲ್ಲಿ ಹೋಗುತ್ತಿದ್ದ ನೀರು ಬೂದು ಬಣ್ಣಕ್ಕೆ ತಿರುಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು.

“ಸತ್ತೋಗವೆ,” ಎಂದರು. “ಯಾರೋ ವಿಷ ಉಣ್ಸವ್ರೆ.”

ಪಕ್ಕದ ಬೆಡ್ಡಿನದೂ ಅದೇ ಗತಿ. ಮೂರನೆಯದರ ತೋಳಿನ ಬೇರಿಂಗು ಮುರಿದು ಹದಿನೈದು ದಿನದಿಂದ ಅದಕ್ಕೆ ಕೊಳಚೆ ಬಿಡುತ್ತಿರಲಿಲ್ಲ.

ನಮ್ಮ ಎಂಜಿನಿಯರು ನನಗಿಂತ ಹೆಚ್ಚೆಂದರೆ ಐದಾರು ವರ್ಷ ದೊಡ್ಡವರು. ಒಳ್ಳೆಯವರು, ಆದರೆ ಮೇಲಿನವರೆಂದರೆ ಹೆದರಿಕೆ. ಅವರು ಬಂದು ನೋಡಿ ಹಣೆ ಒರೆಸಿಕೊಂಡು, ವಿಷಯ ಹೊರಗೆ ಹೋಗುವುದು ಬೇಡ, ಮೊದಲು ಏನಾಗಿದೆ ಎಂದು ನೋಡೋಣ ಎಂದರು. ಯಜಮಾನ್ರು ತಲೆಯಾಡಿಸಿ ಹೊರಟರು. ಹೋದವರು ಮಧ್ಯಾಹ್ನದವರೆಗೂ ಕಾಣಲಿಲ್ಲ.

ನಮ್ಮ ನೀರು ಸೇರುವ ಕಡೆಯಿಂದ ಕೆಳಕ್ಕೆ, ಹೊಳೆಯ ಎರಡೂ ದಂಡೆಯಲ್ಲಿ, ಸೊಪ್ಪು ಬೆಳೆಯುವ ಹೆಂಗಸರ ತೋಟಗಳಿದ್ದವು. ದಂಟು, ಕೊತ್ತಂಬರಿ, ಮೂಲಂಗಿ. ಆ ನೀರನ್ನೇ ಎತ್ತಿ ಮಡಿಗಳಿಗೆ ಹಾಯಿಸುತ್ತಿದ್ದರು. ಯಜಮಾನ್ರು ಬಿಸಿಲಲ್ಲಿ ಎರಡು ಮೈಲಿ ನಡೆದು ಒಬ್ಬೊಬ್ಬರ ತೋಟಕ್ಕೂ ಹೋಗಿ, ನೀರು ಕೆಟ್ಟಿದೆ, ನಾನು ಬಂದು ಹೇಳುವವರೆಗೆ ಇದನ್ನು ಮುಟ್ಟಬೇಡಿ, ಸೊಪ್ಪಿಗೆ ಬಾವಿ ನೀರು ಹಾಕಿ, ದನಗಳನ್ನೂ ಇಳಿಸಬೇಡಿ ಎಂದು ಹೇಳಿ ಬಂದಿದ್ದರು.

ಎಂಜಿನಿಯರಿಗೆ ಇದು ಗೊತ್ತಾದಾಗ ನಾನು ಅಲ್ಲೇ ಇದ್ದೆ.

“ಯಜಮಾನ್ರೆ, ಹೊರಗೆ ಹೇಳ್ಬೇಡಿ ಅಂದಿದ್ನಲ್ಲ. ನಾಳೆ ಅವರೆಲ್ಲ ಬಂದು ಗೇಟಲ್ಲಿ ನಿಂತ್ರೆ ನಾನೇನ್ ಉತ್ತರ ಕೊಡ್ಲಿ?”

“ಇರೋದ್ನೇ ಹೇಳಿ ಸ್ವಾಮಿ.”

“ನನ್ನ ಕೆಲ್ಸ ಹೋಗತ್ತೆ.”

ಯಜಮಾನ್ರ ದನಿ ಏರಲಿಲ್ಲ. “ಆ ಸೊಪ್ಪು ಮಾರ್ಕೆಟ್ಟಿಗೆ ಓಯ್ತದೆ ಸ್ವಾಮಿ. ನಿಮ್ಮನೇಗೂ ಬತ್ತದೆ, ಈ ಅವ್ವನ ಮನೇಗೂ ಬತ್ತದೆ. ನಾನು ಹೇಳ್ದೆ ಇದ್ರೆ ಇವತ್ ರಾಗಿಮುದ್ದೆ ಗಂಟ್ಲಾಗೆ ಇಳೀತಿರ್ಲಿಲ್ಲ. ಏನಾದ್ರೂ ಬಂದ್ರೆ ನನ್ನ ಹೆಸ್ರು ಹೇಳ್ಬುಡಿ, ನಾನೇ ಹೋಗಿದ್ದು ಅಂತ.”

ಎಂಜಿನಿಯರು ಕುರ್ಚಿಯಲ್ಲಿ ಕೂತರು. ಆಮೇಲೆ ಫೋನ್ ತೆಗೆದು ಮೇಲಿನವರಿಗೆ ತಾವೇ ವಿಷಯ ತಿಳಿಸಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಹೊತ್ತಿನಲ್ಲಿ.

ವಿಷ ಯಾವುದು ಎಂದು ಹುಡುಕುವುದು ನನ್ನ ಪಾಲಿಗೆ ಬಂತು. ನನ್ನ ಕಪಾಟಿನಲ್ಲಿದ್ದ ಔಷಧಿಗಳಿಂದ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಏನೂ ಸಿಗಲಿಲ್ಲ. ಮೂರನೆಯ ದಿನ ಯಜಮಾನ್ರು ಕಿಟಕಿಗೆ ಬಂದು, “ಶನಿವಾರ ಮಧ್ಯಾನ್ನ ನೀರು ಹಳದಿಗಿತ್ತು ಕಣವ್ವ. ಮೂರ್ನಾಕು ವಾರದಿಂದ ಶನಿವಾರ ಹಂಗೇ ಬತ್ತಿತ್ತು, ತೆಳ್ಳಗೆ. ಅರಿಶಿನದ ನೀರೇನೋ ಅಂದ್ಕಂಡಿದ್ದೆ. ಈ ಸಲ ಜಾಸ್ತಿ ಇತ್ತು” ಎಂದರು. ಹೇಳುವಾಗ ಅವರ ಮುಖ ಸಣ್ಣದಾಗಿತ್ತು. ಮೊದಲೇ ಅನುಮಾನ ಪಡಬೇಕಿತ್ತು ಎಂಬ ನೋವು ಅದು.

ಹಳದಿ ಎಂದ ಕೂಡಲೇ ನನಗೆ ಕಾಲೇಜಿನ ಲ್ಯಾಬಿನ ಕ್ರೋಮಿಯಂ ಲವಣಗಳ ಸೀಸೆಗಳು ಕಣ್ಮುಂದೆ ಬಂದವು. ಅದನ್ನು ಗುರುತಿಸುವ ಔಷಧಿ ನಮ್ಮಲ್ಲಿರಲಿಲ್ಲ. ಅರ್ಧ ದಿನ ರಜೆ ಹಾಕಿ, ನನಗೆ ಕೆಮಿಸ್ಟ್ರಿ ಕಲಿಸಿದ ಮೇಡಂ ಹತ್ತಿರ ಹೋದೆ. ಅವರು ಕಪಾಟು ತೆಗೆದು, ಒಂದು ಸಣ್ಣ ಸೀಸೆಯಲ್ಲಿ ನಾಲ್ಕು ಚಮಚದಷ್ಟು ಪುಡಿ ಹಾಕಿ ಕೊಟ್ಟು, “ಜೋಪಾನ. ಇದನ್ನ ಇಟ್ಕೊಂಡು ಏನ್ ಸಿಕ್ತು ಅಂತ ಬಂದು ಹೇಳ್ಬೇಕು ನೀನು” ಎಂದರು.

ಆ ಶನಿವಾರ ನಾನು, ಯಜಮಾನ್ರು, ಇನ್ನಿಬ್ಬರು ಕೆಲಸಗಾರರು ಕೊಳವೆಯ ಬಾಯಿಯಲ್ಲಿ ಕಾದು ಕೂತೆವು. ಎರಡು ಗಂಟೆಯ ಹೊತ್ತಿಗೆ ನೀರಿಗೆ ತೆಳು ಹಳದಿ ಬಂತು. ಹಿಡಿದು, ಸೋಸಿ, ಒಂದಿಷ್ಟು ಆಸಿಡ್ ಹಾಕಿ, ಆ ಪುಡಿಯ ದ್ರಾವಣವನ್ನು ಬಿಟ್ಟೆ. ನೋಡನೋಡುತ್ತಿದ್ದಂತೆ ನೀರು ನೇರಳೆ ಬಣ್ಣಕ್ಕೆ ತಿರುಗಿತು. ಯಜಮಾನ್ರು ಪರೀಕ್ಷಾನಳಿಕೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ಇದೇನಾ?”

“ಇದೇ. ಕ್ರೋಮಿಯಂ. ಕಬ್ಬಿಣಕ್ಕೆ ಹೊಳಪು ಹಾಕೋರು ಬಳಸ್ತಾರೆ. ಸೈಕಲ್ ಹ್ಯಾಂಡಲ್ಲು, ನಲ್ಲಿ, ಅಂಥವಕ್ಕೆ.”

ಅವರು ಆ ನಳಿಕೆಯನ್ನು ಬಹಳ ಎಚ್ಚರಿಕೆಯಿಂದ ಸ್ಟ್ಯಾಂಡಿಗೆ ಇಟ್ಟರು. “ನನ್ನ ಮೂಗಿಗೆ ಇದು ಸಿಕ್ಕೇ ಇರ್ಲಿಲ್ಲ. ನಿಮ್ ಬಾಟ್ಲು ಹಿಡ್ಕಂತು.”

ಮುಂದಿನ ಶನಿವಾರ ಜೀಪಿನಲ್ಲಿ ಹೊರಟೆವು. ಊರಿನ ಕೊಳವೆಗಳೆಲ್ಲ ಎಲ್ಲಿ ಹೋಗಿ ಎಲ್ಲಿ ಸೇರುತ್ತವೆ ಎಂಬ ನಕ್ಷೆ ಕಚೇರಿಯಲ್ಲಿತ್ತು, ಅರ್ಧ ಹರಿದಿತ್ತು. ಉಳಿದರ್ಧ ಯಜಮಾನ್ರ ತಲೆಯಲ್ಲಿತ್ತು. ವಿಜಯನಗರದ ಇಳಿಜಾರಿನಲ್ಲಿ ಎರಡು ಕೊಳವೆ ಸೇರುವ ಕಡೆ ಮ್ಯಾನ್‌ಹೋಲ್ ಮುಚ್ಚಳ ಎತ್ತಿ, ಹಗ್ಗಕ್ಕೆ ಬಾಟಲಿ ಕಟ್ಟಿ ಎರಡರಿಂದಲೂ ನೀರು ಎತ್ತಿದೆವು. ಜೀಪಿನ ಬಾನೆಟ್ಟೇ ನನ್ನ ಲ್ಯಾಬು. ಒಂದು ನೇರಳೆಯಾಯಿತು, ಇನ್ನೊಂದು ಆಗಲಿಲ್ಲ. ನೇರಳೆಯಾದ ಕೊಳವೆಯ ಜಾಡು ಹಿಡಿದು ಮೇಲಕ್ಕೆ, ಬಸವೇಶ್ವರನಗರದ ಕಡೆಯ ಖಾಲಿ ಸೈಟುಗಳ ನಡುವೆ ಹಾದು, ಮತ್ತೊಂದು ಮುಚ್ಚಳ. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಯಜಮಾನ್ರು ನಮ್ಮನ್ನೆಲ್ಲ ಹಿಂದೆ ಸರಿಸಿ ಗಾಳಿ ಆಡಲು ಸಾಕಷ್ಟು ಹೊತ್ತು ಬಿಡುತ್ತಿದ್ದರು. ಯಾರನ್ನೂ ಒಳಗಿಳಿಯಲು ಬಿಡಲಿಲ್ಲ. “ಹಗ್ಗ ಇರೋದ್ಯಾಕೆ” ಎನ್ನುತ್ತಿದ್ದರು.

ಜನ ಗುಂಪುಗೂಡಿ ನೋಡುತ್ತಿದ್ದರು. ಸೀರೆ ಉಟ್ಟ ಹುಡುಗಿ ಮೋರಿ ನೀರನ್ನು ಬಾಟಲಿಗೆ ತುಂಬಿಸಿಕೊಳ್ಳುವುದನ್ನು ಅವರು ಅದುವರೆಗೆ ಕಂಡಿರಲಿಲ್ಲ. ಒಂದು ಮನೆಯ ಹೆಂಗಸು ಗೇಟಿಗೆ ಬಂದು, “ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?” ಎಂದು ಮರುಕದಿಂದ ಕೇಳಿದರು. ನಾನು ಹೌದು ಎಂದುಬಿಟ್ಟೆ. ಅವರು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೈ ತೊಳೆಸಿದರು.

ಸಂಜೆ ನಾಲ್ಕರ ಹೊತ್ತಿಗೆ ರಾಜಾಜಿನಗರದ ಕಾರ್ಖಾನೆಗಳ ಹಿಂದಿನ ಒಂದು ಗಲ್ಲಿಯಲ್ಲಿ ಕೊನೆಯ ಬಾಟಲಿ ಕಡುನೇರಳೆಯಾಯಿತು. ಎದುರಿಗೆ ಒಂದು ಶೀಟಿನ ಶೆಡ್ಡು. ನಮ್ಮ ಮನೆಯಿಂದ ಅದು ಎರಡು ಫರ್ಲಾಂಗು ದೂರವಿರಬಹುದು. ದಿನಾ ಬಸ್ಸಿಗೆ ಹೋಗುವಾಗ ಆ ಗಲ್ಲಿಯ ಬಾಯಿ ದಾಟಿಯೇ ನಾನು ಹೋಗುತ್ತಿದ್ದೆ.

ಶೆಡ್ಡಿನ ಮಾಲೀಕರು ನಲವತ್ತರ ಸುಮಾರಿನವರು, ಕೈಯೆಲ್ಲ ಔಷಧಿಯ ಕಲೆ. ಸೈಕಲ್ ಭಾಗಗಳಿಗೆ ಕ್ರೋಮ್ ಹಾಕುತ್ತಿದ್ದರು. ಒಂದೂವರೆ ತಿಂಗಳ ಹಿಂದೆ ಹೊಸ ಆರ್ಡರ್ ಸಿಕ್ಕಿ ಕೆಲಸ ದುಪ್ಪಟ್ಟಾಗಿತ್ತು. ಪ್ರತಿ ಶನಿವಾರ ತೊಟ್ಟಿ ತೊಳೆದು ಹಳೆಯ ದ್ರಾವಣವನ್ನು ಮೋರಿಗೆ ಬಿಡುತ್ತಿದ್ದರು. ಎರಡು ವಾರದ ಹಿಂದಿನ ಶನಿವಾರ ದೊಡ್ಡ ತೊಟ್ಟಿಯನ್ನೇ ಪೂರ್ತಿ ಖಾಲಿ ಮಾಡಿದ್ದರು. ನಮ್ಮ ಜೀಪು ನೋಡಿ ಗಾಬರಿಯಾಗಿದ್ದರು.

“ಮೋರಿಗೆ ತಾನೆ ಸಾರ್ ಬಿಟ್ಟಿದ್ದು? ರೋಡಿಗೆ ಬಿಟ್ಟಿಲ್ವಲ್ಲ. ಮೋರಿ ಇರೋದೇ ಅದಕ್ಕಲ್ವಾ?”

ನನಗೆ ಸಿಟ್ಟು ಬಂದಿತ್ತು. ಕೇಸು ಹಾಕಿಸುತ್ತೇವೆ ಎಂದು ಹೇಳಲು ಬಾಯಿ ತೆರೆದಿದ್ದೆ. ಯಜಮಾನ್ರು ನನಗಿಂತ ಮೊದಲು ಮಾತಾಡಿದರು.

“ಅಣ್ಣ, ಮೋರಿ ಎಲ್ಲಿಗೆ ಓಯ್ತದೆ, ನೋಡಿದ್ದೀರಾ?”

“ಇಲ್ಲ.”

“ನಾಳೆ ಬಾನುವಾರ. ನಿಮ್ಗೂ ರಜ. ವಸಿ ಬಂದು ನೋಡ್ಬುಟ್ಟು ಓಗಿ. ಆಮೇಕೆ ಏನ್ ಮಾಡ್ಬೇಕು ಅಂತ ನೀವೇ ಹೇಳೀರಂತೆ.”

ಅವರು ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಮಾರನೆಯ ದಿನ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬಂದರು. ಯಜಮಾನ್ರು, ನನಗೆ ಮೊದಲ ದಿನ ತೋರಿಸಿದಂತೆಯೇ, ಜಾಲರಿಯಿಂದ ಶುರು ಮಾಡಿ ಒಂದೊಂದನ್ನೇ ತೋರಿಸಿದರು. ಕೊನೆಗೆ ಸತ್ತ ಬೆಡ್ಡಿನ ಕಲ್ಲೊಂದನ್ನು ಒಂದು ಕೈಗೆ, ಮೂರನೆಯ ಬೆಡ್ಡಿನ ಜೀವಂತ ಕಲ್ಲೊಂದನ್ನು ಇನ್ನೊಂದು ಕೈಗೆ ಕೊಟ್ಟರು. ಆ ಮನುಷ್ಯ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು.

“ನಂಗೆ ಗೊತ್ತಿರ್ಲಿಲ್ಲ,” ಎಂದರು. “ಏನ್ ಮಾಡ್ಬೇಕು ಹೇಳಿ.”

ಏನು ಮಾಡಬೇಕೆಂದು ನಾನು ಓದಿಕೊಂಡು ಬಂದಿದ್ದೆ. ಹಳೆಯ ದ್ರಾವಣವನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಹಾಕಿದರೆ ಹಳದಿ ಹೋಗಿ ಹಸಿರಾಗುತ್ತದೆ. ಆಗ ವಿಷದ ತೀಕ್ಷ್ಣತೆ ಇಳಿಯುತ್ತದೆ. ಆಮೇಲೆ ಸುಣ್ಣದ ತಿಳಿ ಹಾಕಿದರೆ ಕ್ರೋಮಿಯಂ ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಪರೀಕ್ಷೆ ಮಾಡಿ, ನೇರಳೆ ಬರದಿದ್ದರೆ ಮಾತ್ರ ಮೋರಿಗೆ ಬಿಡಬೇಕು. ಗಸಿಯನ್ನು ಡ್ರಮ್ಮಿನಲ್ಲೇ ಮುಚ್ಚಿಡಬೇಕು. ಅದನ್ನು ಮುಂದೆ ಏನು ಮಾಡುವುದು ಎಂಬುದಕ್ಕೆ ಆಗ ನಮ್ಮ ಯಾರಲ್ಲೂ ಸರಿಯಾದ ಉತ್ತರವಿರಲಿಲ್ಲ. ಮಣ್ಣಿಗೆ ಸುರಿಯಬಾರದು ಎಂಬುದಷ್ಟೇ ಗೊತ್ತಿತ್ತು. ಮೊದಲ ನಾಲ್ಕು ಶನಿವಾರ ನಾನೇ ಶೆಡ್ಡಿಗೆ ಹೋಗಿ ನಿಂತು ಮಾಡಿಸಿದೆ. ಐದನೆಯ ವಾರ ಅವರೇ ಮಾಡಿ, ನೀರು ಬಾಟಲಿಯಲ್ಲಿ ತುಂಬಿಸಿ ನಮ್ಮ ಮನೆಗೆ ತಂದುಕೊಟ್ಟರು. ಅಮ್ಮ ಅದನ್ನು ಹೊರಗಿನ ಕಿಟಕಿಯ ಮೇಲೆ ಇಡಿಸಿಕೊಂಡು, ಸಂಜೆ ನಾನು ಬಂದಾಗ, “ನಿನ್ನ ಪ್ರಸಾದ ಬಂದೈತಿ ನೋಡು” ಎಂದರು. ಆ ಬಾಟಲಿಯನ್ನು ಪರೀಕ್ಷಿಸಿದಾಗ ನೇರಳೆ ಬರಲಿಲ್ಲ.

ಆದರೆ ಸತ್ತದ್ದನ್ನು ಬದುಕಿಸುವುದು ಬಾಕಿಯಿತ್ತು. ಅದು ಲ್ಯಾಬಿನ ಕೆಲಸವಲ್ಲ, ಪೂರ್ತಿ ಯಜಮಾನ್ರದು.

ಮೂರನೆಯ ಬೆಡ್ಡು ಕೆಟ್ಟು ನಿಂತಿದ್ದರಿಂದ ಅದಕ್ಕೆ ವಿಷ ತಗುಲಿರಲಿಲ್ಲ. ಆದರೆ ನೀರಿಲ್ಲದೆ ವಾರಗಟ್ಟಲೆ ಬೇಸಿಗೆಯ ಬಿಸಿಲಿಗೆ ಬಿದ್ದ ಲೋಳೆ ಒಣಗಿ ಹೋಗಿರಬೇಕಿತ್ತಲ್ಲ. ಹೋಗಿರಲಿಲ್ಲ. ತೋಳು ಮುರಿದ ದಿನದಿಂದ ಯಜಮಾನ್ರು ದಿನಕ್ಕೆರಡು ಸಲ ರಬ್ಬರ್ ಪೈಪು ಹಿಡಿದು, ಆ ಬೆಡ್ಡಿಗೆ ಘಟಕದ ಬಾವಿಯ ನೀರು ಚಿಮುಕಿಸಿ, ಮೇಲೆ ಗೋಣಿಚೀಲ ಹೊದಿಸಿ ಇಟ್ಟಿದ್ದರು. ಯಾರೂ ಹೇಳಿರಲಿಲ್ಲ. ಯಾವ ಪುಸ್ತಕದಲ್ಲೂ ಅವರು ಅದನ್ನು ಬರೆದಿರಲಿಲ್ಲ.

ಬೇರಿಂಗು ಬಂತು, ಮೂರನೆಯ ಬೆಡ್ಡು ತಿರುಗಿತು. ಒಂದು ವಾರ ಬಿಟ್ಟು, ಅದರ ಕಲ್ಲುಗಳನ್ನು ಬಿದಿರು ಬುಟ್ಟಿಗಳಲ್ಲಿ ಹೊತ್ತು ಸತ್ತ ಬೆಡ್ಡುಗಳ ಮೇಲೆ ಅಲ್ಲಲ್ಲಿ ಗುಂಪುಗುಂಪಾಗಿ ಇಟ್ಟೆವು. ಅದೂ ಎಲ್ಲೆಂದರಲ್ಲಿ ಅಲ್ಲ. ತೋಳಿನ ತೂತುಗಳಿಂದ ನೀರು ಎಲ್ಲಿ ಮೆತ್ತಗೆ ಬೀಳುತ್ತದೋ ಅಲ್ಲಿ. ಅವರು ಬೆರಳು ತೋರಿಸಿದ ಕಡೆ ಇಡಬೇಕು. ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಹೊತ್ತೆ. ಲೋಳೆ ಮೊಣಕೈವರೆಗೆ ಇಳಿಯುತ್ತಿತ್ತು. ಮೊದಲ ದಿನ ಮುಟ್ಟಲು ಹೇಸಿದ್ದು ನೆನಪಾಗಲು ಪುರುಸೊತ್ತೇ ಇರಲಿಲ್ಲ. ಸಗಣಿಯನ್ನು ನೀರಲ್ಲಿ ಕದಡಿ, ಸೋಸಿ, ದಿನವೂ ಒಂದಿಷ್ಟು ಸೇರಿಸಿದರು. ಹೊರಹೋಗುವ ನೀರನ್ನು ಪಂಪಿನಿಂದ ಮತ್ತೆ ಬೆಡ್ಡಿಗೇ ತಿರುಗಿಸಿ, ಕೊಳಚೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು.

“ಜ್ವರ ಬಿಟ್ಟೋರಿಗೆ ಒಂದೇ ಸಲ ಮುದ್ದೆ ಇಕ್ತಾರಾ? ಗಂಜಿ ಮೊದ್ಲು,” ಎನ್ನುತ್ತಿದ್ದರು.

ವಾರಗಳು ಕಳೆದವು. ಎರಡು ದಿನ ಜೋರು ಮಳೆ ಬಂದು, ಕಟ್ಟಲು ಶುರುವಾಗಿದ್ದ ತೆಳು ಪೊರೆ ತೊಳೆದುಹೋಯಿತು. ಮತ್ತೆ ಬುಟ್ಟಿ ಹೊತ್ತೆವು. ಒಂದು ಬೆಳಿಗ್ಗೆ ನಾನು ಏಣಿ ಹತ್ತಿದಾಗ ಒಂದು ನೊಣ ಬಂದು ಕೆನ್ನೆಗೆ ಬಡಿಯಿತು. ಯಜಮಾನ್ರನ್ನು ಕೂಗಿ ಕರೆದೆ. ಅವರು ಬಂದು, ಕಲ್ಲೊಂದನ್ನು ಮಗುಚಿ ನೋಡಿ, ಅದರ ಅಡಿಯಲ್ಲಿ ಹರಿದಾಡುತ್ತಿದ್ದ ದಾರದಂಥ ಹುಳುಗಳನ್ನು ನನಗೆ ತೋರಿಸಿದರು. ಅಷ್ಟು ತೃಪ್ತಿಯ ಮುಖವನ್ನು ನಾನು ಆಮೇಲೆ ಕಂಡದ್ದು ಕಡಿಮೆ.

ನೀರು ಹೊಳೆಗೆ ಯೋಗ್ಯವೇ ಎಂದು ಖಚಿತ ಮಾಡಿಕೊಳ್ಳಲು ಐದು ದಿನದ ಪರೀಕ್ಷೆಯ ಜೊತೆ ಇನ್ನೊಂದನ್ನೂ ಮಾಡಿದೆ. ಹೊರಹೋಗುವ ನೀರನ್ನು ಬಾಟಲಿಯ ಕಂಠದವರೆಗೆ ತುಂಬಿ, ಒಂದು ಹನಿ ನೀಲಿ ಬಣ್ಣ ಹಾಕಿ ಬಿಗಿಯಾಗಿ ಮುಚ್ಚಿಡುವುದು. ನೀರಿನಲ್ಲಿ ಕೊಳೆ ಉಳಿದಿದ್ದರೆ ಆಮ್ಲಜನಕ ಮುಗಿದು ನೀಲಿ ಮಾಯವಾಗುತ್ತದೆ. ಅನಾಹುತದ ದಿನಗಳಲ್ಲಿ ಅದು ಕೆಲವೇ ಗಂಟೆಗಳಲ್ಲಿ ಬಿಳಿಚಿಕೊಂಡಿತ್ತು. ಈಗ ಒಂದು ದಿನ, ಎರಡು ದಿನ, ಐದು ದಿನ ಕಳೆದರೂ ನೀಲಿ ಹಾಗೇ ನಿಂತಿತ್ತು. ನೇರಳೆಯ ಪರೀಕ್ಷೆಯಲ್ಲೂ ಏನೂ ಬರಲಿಲ್ಲ. ಯಜಮಾನ್ರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೆಳಗಿನ ತೋಟಗಳಿಗೆ ಹೊರಟರು. ಈ ಸಲ ನಾನೂ ಹೋದೆ.

ಮೊದಲ ತೋಟದ ಹೆಂಗಸು ದಂಟಿನ ಕಟ್ಟು ಕಟ್ಟುತ್ತಿದ್ದರು. ಯಜಮಾನ್ರು ನೀರು ಸರಿಯಾಗಿದೆ, ತಗೊಳ್ಳಬಹುದು, ಆದರೆ ಇದರಲ್ಲಿ ಸೊಪ್ಪು ತೊಳೆಯಬಾರದು, ಅದಕ್ಕೆ ಬಾವಿಯದೇ ಬೇಕು ಎಂದರು.

“ನಿಜವಾಗ್ಲೂ ಸರಿ ಆಗದಾ?” ಎಂದರು ಆಕೆ.

“ಕೆಟ್ಟಾಗ ಬಂದು ಹೇಳ್ಲಿಲ್ವಾ?”

ಆಕೆ ಕಟ್ಟನ್ನು ಕೆಳಗಿಟ್ಟು ಹೋಗಿ ಹೊಳೆಯ ಕಡೆಯ ಮಡಿಯ ಬಾಯಿ ಬಿಡಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನಿಯರು ನಡೆದದ್ದನ್ನೆಲ್ಲ ವರದಿಯಾಗಿ ಬರೆಯಲು ನನಗೆ ಹೇಳಿದರು. ಇಂಗ್ಲಿಷಿನಲ್ಲಿ ಹದಿನಾಲ್ಕು ಪುಟ ಬರೆದೆ. ಅವರು ತಿದ್ದಿ, ಟೈಪು ಮಾಡಿಸಿ, ಮೊದಲ ಪುಟದಲ್ಲಿ ನನ್ನ ಹೆಸರಿನ ಜೊತೆ ಯಜಮಾನ್ರ ಹೆಸರನ್ನೂ ತಾವೇ ಸೇರಿಸಿ, “ಅವರಿಗೊಂದ್ಸಲ ಓದಿ ಹೇಳ್ಬಿಡಿ, ಆಮೇಲೆ ಮೇಲಕ್ಕೆ ಕಳ್ಸೋಣ” ಎಂದರು.

ಮಧ್ಯಾಹ್ನ ಊಟವಾದ ಮೇಲೆ ಪಂಪ್‌ಹೌಸಿನ ನೆರಳಲ್ಲಿ ಕೂತು ಪುಟ ಪುಟವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಎರಡು ಕಡೆ ತಡೆದರು. ಒಂದು ಕಡೆ ನಾನು ಬುಟ್ಟಿಗಳ ಸಂಖ್ಯೆ ತಪ್ಪು ಬರೆದಿದ್ದೆ. ಇನ್ನೊಂದು ಕಡೆ, ಮಳೆಗೆ ಪೊರೆ ತೊಳೆದುಹೋದದ್ದನ್ನು ಬಿಟ್ಟಿದ್ದೆ. “ಸೋತಿದ್ದೂ ಬರೀರಿ. ಇಲ್ದಿದ್ರೆ ಓದೋರು ಸುಲಭ ಅಂದ್ಕಂತಾರೆ.” ತಿದ್ದಿಕೊಂಡೆ. ಹದಿನಾಲ್ಕನೆಯ ಪುಟ ಮುಗಿದ ಮೇಲೆ ಕಣ್ಣು ತೆರೆದು, “ಅಷ್ಟೇನಾ?” ಎಂದರು.

“ಅಷ್ಟೆ.”

“ತೋಟದೋರಿಗೆ ಹೇಳಿದ್ದು?”

ಅದನ್ನು ನಾನು ಬರೆದಿರಲಿಲ್ಲ. ಎಂಜಿನಿಯರಿಗೆ ತೊಂದರೆಯಾದೀತು ಎಂದು ಬೇಕೆಂದೇ ಬಿಟ್ಟಿದ್ದೆ. ಹಾಗೇ ಹೇಳಿದೆ.

“ಅವ್ರ ಹೆಸ್ರು ಬ್ಯಾಡ, ನನ್ನ ಹೆಸ್ರೂ ಬ್ಯಾಡ. ನೀರು ಕೆಟ್ರೆ ಮೊದ್ಲು ಕೆಳಗಿನೋರಿಗೆ ಹೋಗಿ ಹೇಳ್ಬೇಕು, ಆಮೇಕೆ ಮಿಕ್ಕಿದ್ದು, ಅಂತ ಮಾತ್ರ ಬರೀರಿ. ನಾಳೆ ನಾವ್ಯಾರೂ ಇಲ್ಲಿ ಇರಾಕಿಲ್ಲ. ಇದ್ನ ಓದೋರು ಇರ್ತಾರೆ.”

ಆ ಒಂದು ಸಾಲನ್ನು ಕೊನೆಯ ಪುಟದ ಅಡಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಎಂಜಿನಿಯರ ಮೇಜಿನ ಮೇಲಿಟ್ಟೆ. ಅವರು ಓದಿದರು, ಯಾರು ಹೇಳಿದ್ದು ಎಂದು ಕೇಳಲಿಲ್ಲ. ಪೆನ್ನು ತೆಗೆದು, ಕೊನೆಯ ಪುಟದಲ್ಲಿದ್ದ ಆ ಸಾಲಿಗೆ ಬಾಣ ಹಾಕಿ, ‘ಮೊದಲ ಪುಟಕ್ಕೆ’ ಎಂದು ಬರೆದರು. ಟೈಪಿಸ್ಟು ಆ ಪುಟವನ್ನು ಮತ್ತೆ ಹೊಡೆದುಕೊಡಬೇಕಾಯಿತು. ಅವರು ಗೊಣಗುತ್ತಾ ಹೊಡೆಯುವವರೆಗೆ ನಾನು ಪಕ್ಕದಲ್ಲೇ ನಿಂತು, ಕಾಗದ ಮೆಷೀನಿನಿಂದ ಹೊರಬಂದ ಮೇಲೆ ತೆಗೆದುಕೊಂಡು ಬಂದು ಸಹಿಗೆ ಇಟ್ಟೆ.